ಒಂಟೆಯ ನಾಲ್ಕು ಕಾಲು

ಆಗಸ್ಟ್ ತಿಂಗಳಲ್ಲಿ ನೀಲಿ ನೈಲ್ ನೀಲಿಯಲ್ಲ.
ಇಥಿಯೋಪಿಯದ ಗುಡ್ಡಗಳನ್ನು ಅರೆದು ಕುಡಿದು
ಕಾಫಿ ಗಸಿಯ ಬಣ್ಣ ಹೊತ್ತು
ಸಿನ್ನಾರಿನ ನೀರು ಶುದ್ಧೀಕರಣ ಘಟಕದ ಬಾಗಿಲಿಗೆ ಬಂದು ನಿಲ್ಲುತ್ತದೆ.
ನಿಲ್ಲುವುದೆಲ್ಲಿ, ನುಗ್ಗುತ್ತದೆ.

ಇಸ್ಮಹಾನ್ ಒಂದು ಲೋಟ ಮೊಗೆದು ಬೆಳಕಿಗೆ ಹಿಡಿದಳು.
ಆಚೆಯ ಬೆರಳು ಕಾಣಲಿಲ್ಲ.
ರಾತ್ರಿಯಿಡೀ ಇಟ್ಟರೂ ತಳಕ್ಕಿಳಿಯದ ಮಣ್ಣು ಇದು.
ಕಾರಣ ಅವಳಿಗೆ ಗೊತ್ತು:
ಒಂದೊಂದು ಕಣದ ಮೈಮೇಲೂ ಋಣ.
ಸಾಲಗಾರ ಸಾಲಗಾರನನ್ನು ಕಂಡರೆ
ಬೀದಿ ಬದಲಿಸುತ್ತಾನಲ್ಲ, ಹಾಗೆ
ಕಣ ಕಣವನ್ನು ದೂರ ತಳ್ಳುತ್ತ
ಇಡೀ ಬೆಟ್ಟವೊಂದು ನೀರೊಳಗೆ ತೇಲುತ್ತಲೇ ಇರುತ್ತದೆ,
ಯಾರ ಹೆಗಲೂ ಯಾರಿಗೂ ತಾಗದೆ.

ಮದ್ದು ನೀಲಿ ಪೀಪಾಯಿಯಲ್ಲಿದೆ. ಪಾಲಿಮರ್.
ಸಾವಿರ ಸಾವಿರ ಕೊಂಡಿಗಳ ಸರ,
ಉದ್ದಕ್ಕೂ ಅಲ್ಲಲ್ಲಿ ಧನ.
ತನ್ನ ಧನವೇ ತನ್ನನ್ನು ನೂಕುವುದರಿಂದ
ಮುದುರಿ ಮಲಗಲಾರದು ಪಾಪ;
ಸಿಹಿನೀರಿಗೆ ಬಿದ್ದೊಡನೆ ಮೈಮುರಿದು ಚಾಚಿಕೊಳ್ಳುತ್ತದೆ.
(ಉಪ್ಪುನೀರಾದರೆ ಬೇರೆ ಕತೆ,
ಬೆಕ್ಕಿನಂತೆ ಸುರುಳಿ ಸುತ್ತುತ್ತದೆ.)
ಚಾಚಿದ ಸರ ಒಂದು ಕಣಕ್ಕೆ ಅಂಟಿ
ಬಾಲದಿಂದ ಇನ್ನೊಂದನ್ನು ಎಳೆದು
ಆ ಇನ್ನೊಂದು ಮತ್ತೆ ಹತ್ತನ್ನು ಕರೆದು
ಋಣಾನುಬಂಧ ಎಂಬ ಮಾತು
ಗಾಜಿನ ಜಾಡಿಯಲ್ಲಿ
ಅರಳೆಯ ಉಂಡೆಗಳಾಗಿ ಕಣ್ಣಿಗೆ ಬೀಳುತ್ತದೆ.
ಭಾರವಾದದ್ದು ಇಳಿಯುತ್ತದೆ.
ಇಳಿದ ಮೇಲೆ ತಿಳಿಯುತ್ತದೆ.

ಸೋಮವಾರ ಪ್ರವಾಹ ಒಂದು ಮೊಳ ಏರಿತು.
ಇಂಜಿನಿಯರ್ ಬಾಬಿಕಿರ್ ಪಂಚೆಯಷ್ಟು ದೊಡ್ಡ ಕರವಸ್ತ್ರದಲ್ಲಿ ಕತ್ತು ಒರೆಸುತ್ತ
'ಇನ್ನಷ್ಟು ಸುರಿ' ಅಂದ.
ಬೇಡ ಅಂದಳು.
'ಸುರಿ, ಊರು ಕಾಯುತ್ತಿದೆ.'
ಸುರಿದಳು.
ತಿಳಿಯಾಗುತ್ತಿದ್ದ ತೊಟ್ಟಿ ಮತ್ತೆ ಬಗ್ಗಡವಾಯಿತು.
ಎಲ್ಲ ಕಣಗಳ ಮೈಗೂ ಧನ ಮೆತ್ತಿ ಮೆತ್ತಿ
ನಿನ್ನೆಯ ಸಾಲಗಾರರು ಇಂದಿನ ಸಾಹುಕಾರರು.
ಸಾಹುಕಾರ ಸಾಹುಕಾರನ ಮಗ್ಗುಲಲ್ಲಿ ಕೂರುವನೆ?
ಮತ್ತೆ ಅದೇ ನೂಕಾಟ,
ಅದೇ ತೇಲಾಟ.
ಸಂಜೆ ನಲ್ಲಿಗಳಲ್ಲಿ ಚಹಾ ಬಂತು ಎಂದು
ಮಾರುಕಟ್ಟೆಯ ಹೆಂಗಸರು ನಕ್ಕರು.
ಬಾಬಿಕಿರ್ ನಗಲಿಲ್ಲ.
ಪೀಪಾಯಿಯ ತಳದಲ್ಲಿ ಇನ್ನು ನಾಲ್ಕು ಬೆರಳು ಉಳಿದಿತ್ತು,
ಹೊಸದನ್ನು ಹೊತ್ತ ಲಾರಿ ಪೋರ್ಟ್ ಸೂಡಾನ್ ದಾರಿಯಲ್ಲಿ
ಎಲ್ಲೋ ಕೆಸರಲ್ಲಿ ಹೂತಿತ್ತು.

ಆಗ ಅವಳಿಗೆ ಅಜ್ಜಿಯ ನೆನಪು ಬಂದದ್ದು,
ನೆನಪಿಗಿಂತ ಮೊದಲು ವಾಸನೆ:
ಒದ್ದೆ ಜೀರ್ ಮಡಕೆಯದು, ಜಜ್ಜಿದ ಬೀಜದ್ದು.
ಅಜ್ಜಿ ಸಿತ್ತನಾ ಓದಿದವಳಲ್ಲ.
ಹಿತ್ತಲಿನ ರವ್ವಾಗ್ ಮರದ, ಅಂದರೆ ನುಗ್ಗೆಯ,
ಒಣ ಕಾಯಿ ಬಿಡಿಸಿ ಬೀಜ ಕುಟ್ಟಿ
ಮಡಕೆಗೆ ಕದಡಿ, ಮೊದಲು ಜೋರಾಗಿ,
ಆಮೇಲೆ ನಿದ್ದೆಗೆಡದ ಮಗುವನ್ನು ತೂಗುವಂತೆ
ಮೆಲ್ಲಗೆ, ಬಹಳ ಹೊತ್ತು.
'ಒಂದು ಜೀರಿಗೆ ಏಳು ಬೀಜ.
ಎಂಟನೆಯದು ಜಂಬಕ್ಕೆ, ನೀರಿಗಲ್ಲ' ಎನ್ನುತ್ತಿದ್ದಳು.

ಆ ಬೀಜದ ಪ್ರೋಟೀನಿನ ಮೈಯಲ್ಲೂ ಧನವಿದೆ ಎಂದು
ಇಸ್ಮಹಾನ್ ಖಾರ್ತೂಮಿನ ತರಗತಿಯಲ್ಲಿ ಓದಿದಾಗ
ಎದ್ದು ನಿಂತು ಏನೋ ಹೇಳಬೇಕೆನಿಸಿತ್ತು.
ಹೇಳಲಿಲ್ಲ. ಪಕ್ಕದ ಹುಡುಗ ಟಿಪ್ಪಣಿ ಬರೆಯುತ್ತಿದ್ದ.

ಈಗ ಆರು ಜಾಡಿಗಳು ಸಾಲಾಗಿ ನಿಂತಿವೆ.
ಐದಕ್ಕೆ ಪೀಪಾಯಿಯ ಹನಿ, ಅರ್ಧ, ಒಂದು, ಒಂದೂವರೆ...
ಆರನೆಯದಕ್ಕೆ ತಂಗಿಯ ಮನೆಯಿಂದ ತಂದ ಬೀಜದ ಹಾಲು.
ಊರಿಡೀ ಕುಡಿಯುವಷ್ಟು ಬೀಜ ಯಾವ ಹಿತ್ತಲಲ್ಲೂ ಇಲ್ಲ,
ಅದು ಅವಳಿಗೂ ಗೊತ್ತು.
ಆದರೂ ಒಂದು ಜಾಡಿ.

ಹುಟ್ಟುಗಳು ತಿರುಗಿ ತಿರುಗಿ ನಿಂತವು.
ಅಜ್ಜಿ ನೀರು ಪರೀಕ್ಷಿಸುತ್ತಿದ್ದದ್ದು
ಹಳೆಯ ನಾಣ್ಯವೊಂದನ್ನು ಮಡಕೆಗೆ ಹಾಕಿ:
ಅದರ ಮೇಲಿನ ಒಂಟೆಯ ಕಾಲು
ನಾಲ್ಕೂ ಎಣಿಸಲು ಬಂದರೆ ಕುಡಿ.
ನಾಣ್ಯ ಈಗಲೂ ಪರ್ಸಿನಲ್ಲಿದೆ,
ಕೊಳ್ಳುವ ಶಕ್ತಿ ಯಾವತ್ತೋ ಹೋಗಿದೆ.
ಯಂತ್ರದಲ್ಲಿ ಬಗ್ಗಡದ ಅಂಕಿ ಓದಿ ಬರೆದುಕೊಂಡು
ಬಾಬಿಕಿರ್ ಆಚೆ ಹೋಗುವವರೆಗೆ ಕಾದು
ಅದನ್ನು ಆರನೆಯ ಜಾಡಿಯ ಅಡಿಗೆ ಸರಿಸಿ
ಮೇಲಿಂದ ಬಗ್ಗಿ ನೋಡಿದಳು.

ಒಂದು. ಎರಡು.
ಮೂರನೆಯದರ ಮೇಲೆ ಅರಳೆಯ ಉಂಡೆಯೊಂದು
ಇನ್ನೂ ಇಳಿಯುತ್ತಿದೆ.
ಕುರ್ಚಿ ಎಳೆದುಕೊಂಡು ಕುಳಿತಳು.